ಹದಿಮೂರು ಕಳ್ಳರು ತರುವ ಕ್ರಿಸ್‌ಮಸ್

ಡಿಸೆಂಬರ್ ೧೧ರ ರಾತ್ರಿ ಐಸ್‌ಲ್ಯಾಂಡಿನ ರಾಜಧಾನಿಯಾದ ರೇಕ್ಯಾವಿಕ್ ನಗರದಲ್ಲಿ ಮಕ್ಕಳನ್ನು ಮಲಗಿಸಲು ತಾಯಂದಿರು ಗದರಬೇಕಾಗುವುದಿಲ್ಲ. ಉಳಿದ ದಿನಗಳಲ್ಲಿ ಹಾಸಿಗೆಯ ಹೆಸರೆತ್ತಿದರೆ ನೂರು ನೆಪ ಹೂಡುವ ಪೋರರೂ ಅಂದು ತಾವಾಗಿಯೇ ಹೊದಿಕೆಯೊಳಗೆ ಸೇರುತ್ತಾರೆ. ಅದಕ್ಕೆ ಮುನ್ನ ಒಂದು ಕೆಲಸ ಮಾತ್ರ ಆಗಬೇಕು. ತಮ್ಮ ಪಾದರಕ್ಷೆಯೊಂದನ್ನು ಚೆನ್ನಾಗಿ ಒರಸಿ ಕಿಟಕಿಯ ಕಟ್ಟೆಯ ಮೇಲೆ ಇಡಬೇಕು. ಜೋಡಿಯಲ್ಲ, ಒಂದೇ ಒಂದು. ಹೊರಗೆ ಸೂರ್ಯ ಮುಳುಗಿ ಆಗಲೇ ಐದು ಗಂಟೆಯಾಗಿರುತ್ತದೆ. ಬೀದಿಯ ದೀಪದ ಬೆಳಕಿನಲ್ಲಿ ಹಿಮ ಬೀಳುತ್ತಿರಬಹುದು, ಇಲ್ಲವೆ ಕಡಲ ಗಾಳಿ ಮಳೆಯನ್ನು ಅಡ್ಡಡ್ಡಲಾಗಿ ಬೀಸುತ್ತಿರಬಹುದು. ಕಿಟಕಿಯ ಗಾಜಿಗೆ ಒಮ್ಮೆ ಮೂಗೊತ್ತಿ ನೋಡಿ, ಮಕ್ಕಳು ಕಣ್ಣು ಮುಚ್ಚಿಕೊಳ್ಳುತ್ತಾರೆ.

ಆ ರಾತ್ರಿ ಬೆಟ್ಟದಿಂದ ಒಬ್ಬನು ಇಳಿದು ಬರುತ್ತಾನೆ. ಮಾರನೆಯ ರಾತ್ರಿ ಅವನ ತಮ್ಮ. ಅದರ ಮಾರನೆಯ ರಾತ್ರಿ ಇನ್ನೊಬ್ಬ. ಹೀಗೆ ಡಿಸೆಂಬರ್ ೨೪ರವರೆಗೆ ದಿನಕ್ಕೊಬ್ಬನಂತೆ ಹದಿಮೂರು ಮಂದಿ ಅಣ್ಣತಮ್ಮಂದಿರು ಊರು ಸೇರುತ್ತಾರೆ. ಬಂದವನು ಒಳ್ಳೆಯ ಮಗುವಿನ ಪಾದರಕ್ಷೆಯೊಳಗೆ ಒಂದು ಕಿತ್ತಳೆಯನ್ನೋ ಮಿಠಾಯಿಯನ್ನೋ ಪುಟ್ಟ ಆಟಿಕೆಯನ್ನೋ ಇಟ್ಟು ಹೋಗುತ್ತಾನೆ. ಹಟಮಾರಿ ಮಗುವಾದರೆ ಬೆಳಗ್ಗೆ ಅದಕ್ಕೆ ದೊರೆಯುವುದು ಒಂದು ಹಸಿ ಆಲೂಗಡ್ಡೆ.

ಅನೇಕ ನಾಡುಗಳಲ್ಲಿ ಕ್ರಿಸ್‌ಮಸ್ ಉಡುಗೊರೆ ತರುವವನು ಬಿಳಿಯ ಗಡ್ಡದ ಸಾತ್ವಿಕ ವೃದ್ಧ. ಮೂಲತಃ ಅವನೊಬ್ಬ ಸಂತ. ಕೆಲವೆಡೆ ಬಾಲಕ್ರಿಸ್ತನೇ ಉಡುಗೊರೆ ತರುವನೆಂದು ನಂಬುಗೆ. ಐಸ್‌ಲ್ಯಾಂಡಿನಲ್ಲಿ ತರುವವರು ಮಾತ್ರ ಕಳ್ಳರು. ಅದೂ ಎಂಥ ಕಳ್ಳರು! ನರಭಕ್ಷಕಿಯಾದ ರಾಕ್ಷಸಿಯೊಬ್ಬಳ ಹೊಟ್ಟೆಯಲ್ಲಿ ಹುಟ್ಟಿದವರು. ಇಂಥ ಕುಲದವರ ಕೈಗೆ ಉಡುಗೊರೆ ಹಂಚುವ ಕೆಲಸ ಹೇಗೆ ಬಂದಿತೆಂದು ತಿಳಿಯಬೇಕಾದರೆ ಆ ನಾಡಿನ ಹಳೆಯ ಮನೆಗಳ ಒಳಹೊಕ್ಕು ನೋಡಬೇಕು.

ಐಸ್‌ಲ್ಯಾಂಡ್ ಉತ್ತರ ಧ್ರುವವೃತ್ತಕ್ಕೆ ತಾಗಿದಂತೆ, ಅಟ್ಲಾಂಟಿಕ್ ಸಾಗರದ ನಡುವೆ ಇರುವ ದ್ವೀಪ. ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ಮಾತ್ರ ನಾಲ್ಕು ಲಕ್ಷದ ಆಸುಪಾಸು. ನೆಲದೊಳಗೆ ಬೆಂಕಿ, ನೆಲದ ಮೇಲೆ ಹಿಮನದಿ. ಡಿಸೆಂಬರಿನ ನಡುವಿನಲ್ಲಿ ರೇಕ್ಯಾವಿಕ್ ನಗರಕ್ಕೆ ದಿನಕ್ಕೆ ನಾಲ್ಕು ಗಂಟೆಯ ಹಗಲು; ಬೆಳಗಿನ ಹನ್ನೊಂದು ದಾಟಿದ ಮೇಲೆ ಹುಟ್ಟುವ ಸೂರ್ಯ ಮಧ್ಯಾಹ್ನ ಮೂರೂವರೆಗೆ ಮುಳುಗಿರುತ್ತಾನೆ. ಈ ಕತ್ತಲೆಯ ನಡುವೆ ಬೆಳಕು ಮರಳುವ ಕಾಲವನ್ನು ಅಲ್ಲಿನ ಜನ ಕ್ರೈಸ್ತಧರ್ಮ ಬರುವುದಕ್ಕೂ ಮೊದಲೇ ‘ಯೋಲ್’ ಎಂಬ ಹೆಸರಿನಿಂದ ಆಚರಿಸುತ್ತಿದ್ದರು. ಕ್ರಿ.ಶ. ೧೦೦೦ದ ಸುಮಾರಿಗೆ ದೇಶವೆಲ್ಲ ಕ್ರೈಸ್ತವಾಯಿತು. ಹಬ್ಬದ ಹೆಸರು ಮಾತ್ರ ಬದಲಾಗಲಿಲ್ಲ. ಇಂದಿಗೂ ಕ್ರಿಸ್‌ಮಸ್ಸನ್ನು ಅವರು ಕರೆಯುವುದು ‘ಯೋಲ್’ ಎಂದೇ.

ಮನೆ ಕಟ್ಟಲು ಬೇಕಾದಷ್ಟು ಮರವಿಲ್ಲದ ಆ ನಾಡಿನಲ್ಲಿ ಶತಮಾನಗಳ ಕಾಲ ರೈತರ ಮನೆಗಳನ್ನು ಕಟ್ಟುತ್ತಿದ್ದುದು ಹುಲ್ಲಿನ ಬೇರಿನ ಸಮೇತ ಕತ್ತರಿಸಿ ತೆಗೆದ ಮಣ್ಣಿನ ಹೆಂಟೆಗಳಿಂದ. ಹೊರಗಿನಿಂದ ನೋಡಿದರೆ ಹುಲ್ಲು ಬೆಳೆದ ದಿಬ್ಬದಂತೆ ಕಾಣುವ ಮನೆ. ಒಳಗೆ, ಇಕ್ಕಟ್ಟಾದ ಓಣಿಯ ಕೊನೆಯಲ್ಲಿ, ಒಂದು ಉದ್ದನೆಯ ಕೋಣೆ. ಗೋಡೆಗುಂಟ ಸಾಲು ಮಂಚಗಳು. ಮನೆಯ ಯಜಮಾನ, ಆಳುಗಳು, ಮುದುಕಿಯರು, ಮಕ್ಕಳು ಎಲ್ಲರೂ ಉಣ್ಣುವುದು, ಮಲಗುವುದು, ಉಣ್ಣೆ ಹಿಂಜುವುದು ಅಲ್ಲಿಯೇ. ಮೀನೆಣ್ಣೆಯ ದೀಪವೊಂದು ಮಿಣಮಿಣನೆ ಉರಿಯುತ್ತಿರುವಾಗ ಒಬ್ಬರು ಕಥೆ ಓದುವರು, ಇಲ್ಲವೆ ಹೇಳುವರು. ಉಳಿದವರ ಕೈ ಕೆಲಸ ಮಾಡುತ್ತಿರುವುದು. ಹೊರಗೆ ಗಾಳಿ ಊಳಿಡುತ್ತಿರುವಾಗ ಆ ದೀಪದ ಸುತ್ತ ಕುಳಿತ ಮಕ್ಕಳ ಕಿವಿಗೆ ಬಿದ್ದ ಹೆಸರೇ ಗ್ರೀಲಾ.

ಗ್ರೀಲಾ ಎಂಬ ರಾಕ್ಷಸಿಯ ಹೆಸರು ಹದಿಮೂರನೆಯ ಶತಮಾನದ ಗ್ರಂಥಗಳಲ್ಲಿಯೇ ಸಿಗುತ್ತದೆ. ಅವಳಿಗೆ ಹದಿನೈದು ಬಾಲಗಳೆಂದು ಹಳೆಯ ಪದ್ಯವೊಂದರ ವರ್ಣನೆ. ಕಾಲ ಕಳೆದಂತೆ, ಹದಿನೇಳನೆಯ ಶತಮಾನದ ಹೊತ್ತಿಗೆ, ಅವಳು ಕ್ರಿಸ್‌ಮಸ್ ಕಾಲದಲ್ಲಿ ಬೆಟ್ಟದಿಂದಿಳಿದು ಹಟಮಾರಿ ಮಕ್ಕಳನ್ನು ಚೀಲಕ್ಕೆ ತುಂಬಿ ಒಯ್ದು ಹಂಡೆಯಲ್ಲಿ ಬೇಯಿಸಿ ತಿನ್ನುವವಳಾದಳು. ಅವಳಿಗೆ ಲೆಪ್ಪಲೂದಿ ಎಂಬ ಗಂಡನುಂಟು. ಹಾಸಿಗೆ ಬಿಟ್ಟು ಏಳಲಾರದ ಸೋಮಾರಿ. ಕನ್ನಡದ ಮನೆಗಳಲ್ಲಿ ಅನ್ನ ಉಣ್ಣದ ಕೂಸಿಗೆ ಗುಮ್ಮನನ್ನು ತೋರಿಸುವ ತಾಯಂದಿರು ಗ್ರೀಲಾಳನ್ನು ಕಂಡರೆ ತಮ್ಮ ಗುಮ್ಮ ಎಷ್ಟು ಸೌಮ್ಯನೆಂದು ಅಚ್ಚರಿಪಡುವರು. ಆದರೆ ಈ ಭಯಕ್ಕೆ ಒಂದು ಕಾರಣವೂ ಇದ್ದಿತು. ಚಳಿಗಾಲದ ಕತ್ತಲೆಯಲ್ಲಿ ಹೊಸ್ತಿಲು ದಾಟಿ ಹೋದ ಮಗು ಹಿಮಗಾಳಿಯಲ್ಲಿ ದಿಕ್ಕು ತಪ್ಪಿದರೆ ಬೆಳಗಿನವರೆಗೆ ಬದುಕಿರುವಂತಿರಲಿಲ್ಲ. ಹೊರಗಿರುವ ಸಾವಿಗೆ ಹಿರಿಯರು ಇಟ್ಟ ಹೆಸರು ಗ್ರೀಲಾ ಎಂದರೂ ತಪ್ಪಾಗದು.

ಹದಿಮೂರು ಮಂದಿ ಕಳ್ಳರು ಇವಳ ಗಂಡುಮಕ್ಕಳು. ಒಟ್ಟಾಗಿ ಅವರನ್ನು ‘ಯೋಲಾಸ್ವೇನಾರ್’, ಅಂದರೆ ಯೋಲ್ ಹಬ್ಬದ ಹೈದರು, ಎನ್ನುತ್ತಾರೆ. ಒಬ್ಬೊಬ್ಬನ ಹೆಸರೂ ಅವನವನ ಕಳ್ಳತನದಿಂದಲೇ ಬಂದುದು. ಮೊದಲು ಬರುವವನು ‘ಕುರಿದೊಡ್ಡಿಯ ಗೂಟ’. ಮರದಂತೆ ಸೆಟೆದ ಕಾಲುಗಳ ಈತ ಕುರಿಗಳ ಮೊಲೆಗೆ ಬಾಯಿ ಹಾಕಲು ಹೋಗುತ್ತಾನೆ. ಮೊಣಕಾಲು ಬಾಗದು, ಪಾಪ. ಎರಡನೆಯವನು ಕಮರಿಯಲ್ಲಿ ಅವಿತಿದ್ದು ಕೊಟ್ಟಿಗೆಗೆ ನುಗ್ಗಿ, ಕರೆದ ಹಾಲಿನ ಮೇಲಿನ ನೊರೆಯನ್ನು ಕದಿಯುವವನು. ಮೂರನೆಯವನು ಕುಳ್ಳ, ಬಾಣಲೆಯ ಅಂಚಿಗೆ ಅಂಟಿದ ಸೀಕಲಿಗೆ ಆಸೆಪಡುವವನು. ನಾಲ್ಕನೆಯವನು ‘ಸೌಟು ನೆಕ್ಕುವವ’. ಐದನೆಯವನು ‘ಗಡಿಗೆ ನೆಕ್ಕುವವ’. ಆರನೆಯವನು ‘ಬಟ್ಟಲು ನೆಕ್ಕುವವ’.

ಈ ಬಟ್ಟಲಿನ ಮಾತು ಸ್ವಲ್ಪ ವಿವರಿಸತಕ್ಕದ್ದು. ಹಳೆಯ ಐಸ್‌ಲ್ಯಾಂಡಿನಲ್ಲಿ ಮನೆಮಂದಿಯಲ್ಲಿ ಪ್ರತಿಯೊಬ್ಬರಿಗೂ ‘ಅಸ್ಕುರ್’ ಎಂಬ ಮುಚ್ಚಳವುಳ್ಳ ತಮ್ಮದೇ ಮರದ ಬಟ್ಟಲು ಇರುತ್ತಿತ್ತು. ಮಂಚದ ಮೇಲೆ ಕುಳಿತು ಅದನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದು, ಉಂಡ ಮೇಲೆ ಕೆಳಗಿಡುವುದು. ಮನೆಯ ನಾಯಿಯೋ ಬೆಕ್ಕೋ ಬಂದು ಅದನ್ನು ನೆಕ್ಕುವುದು. ಆರನೆಯ ಕಳ್ಳನು ಮಂಚದ ಕೆಳಗೆ ಅವಿತಿದ್ದು, ನಾಯಿಗೂ ಮೊದಲು ಕೈ ನೀಡಿ ಆ ಬಟ್ಟಲನ್ನು ಎಳೆದುಕೊಳ್ಳುತ್ತಾನೆ. ಅವನು ಕದಿಯುವುದು ಊಟವನ್ನಲ್ಲ, ನಾಯಿಗೆ ಉಳಿದುದನ್ನು.

ಏಳನೆಯವನಿಗೆ ತಿನ್ನುವ ಗೋಜಿಲ್ಲ. ಜನ ತೂಕಡಿಸುವ ಹೊತ್ತಿಗೆ ಕದಗಳನ್ನು ಧಡಾರನೆ ಬಡಿಯುವುದೇ ಅವನ ಸುಖ. ಎಂಟನೆಯವನು ಮೊಸರುಬಾಕ. ‘ಸ್ಕೀರ್’ ಎಂಬುದು ಆ ನಾಡಿನ ಗಟ್ಟಿ ಮೊಸರು; ಚಳಿಗಾಲಕ್ಕೆಂದು ಪೀಪಾಯಿಗಳಲ್ಲಿ ಕೂಡಿಡುತ್ತಿದ್ದ ಆಧಾರದ ಆಹಾರ. ಒಂಬತ್ತನೆಯವನು ಜಂತೆಯ ಮೇಲೆ ಕುಳಿತು, ಹೊಗೆಯಾಡಲೆಂದು ತೂಗುಹಾಕಿದ ಮಾಂಸದ ಸಾಸೇಜುಗಳನ್ನು ಸೆಳೆಯುವವನು. ಹತ್ತನೆಯವನು ಕಿಟಕಿಯಲ್ಲಿ ಇಣುಕಿ ಒಳಗೇನಿದೆ ಎಂದು ಲೆಕ್ಕ ಹಾಕುವವನು. ಹನ್ನೊಂದನೆಯವನದು ದೊಡ್ಡ ಮೂಗು; ಹಬ್ಬದ ರೊಟ್ಟಿಯ ಪರಿಮಳವನ್ನು ಬಾಗಿಲ ಸಂದಿಯಿಂದಲೇ ಹಿಡಿಯುವನು. ಈ ರೊಟ್ಟಿಯನ್ನು ‘ಎಲೆರೊಟ್ಟಿ’ ಎನ್ನುತ್ತಾರೆ. ಹಿಟ್ಟು ದುರ್ಲಭವಾಗಿದ್ದ ಕಾಲದಲ್ಲಿ ಅದನ್ನು ಹಪ್ಪಳದಂತೆ ತೆಳ್ಳಗೆ ಲಟ್ಟಿಸಿ, ಚೂರಿಯಿಂದ ಎಲೆಯ ಚಿತ್ತಾರ ಕೊರೆದು, ಕೊಬ್ಬಿನಲ್ಲಿ ಕರಿಯುತ್ತಿದ್ದರು. ಇಂದಿಗೂ ಡಿಸೆಂಬರಿನಲ್ಲಿ ಅಜ್ಜಿ ಮೊಮ್ಮಕ್ಕಳೆಲ್ಲ ಒಂದು ಮೇಜಿನ ಸುತ್ತ ಕುಳಿತು ಚಿತ್ತಾರ ಕೊರೆಯುವುದುಂಟು. ಹನ್ನೆರಡನೆಯವನು ಹೊಗೆಗಂಡಿಯಿಂದ ಉದ್ದನೆಯ ಕೊಕ್ಕೆಯನ್ನಿಳಿಸಿ ಹಬ್ಬದ ಮಾಂಸವನ್ನು ಮೇಲೆತ್ತುವವನು.

ಹದಿಮೂರನೆಯವನು, ಹಬ್ಬದ ದಿನವೇ ಬರುವವನು, ‘ಬತ್ತಿಯ ತಿರುಕ’. ಮಕ್ಕಳ ಹಿಂದೆ ಹಿಂದೆ ಸುಳಿದು ಅವರ ಕೈಯ ಮೇಣದಬತ್ತಿಗೆ ಹಲುಬುವವನು. ಮೇಣದಬತ್ತಿಗೇಕೆ ಇಷ್ಟು ಆಸೆ? ಆ ಕಾಲದ ಬತ್ತಿ ಮೇಣದ್ದಲ್ಲ, ಕುರಿಯ ಕೊಬ್ಬಿನದು. ಉರಿಸಿದರೆ ಬೆಳಕು, ಹಸಿದವನಿಗೆ ಆಹಾರ. ವರುಷವೆಲ್ಲ ಮೀನೆಣ್ಣೆಯ ಮಬ್ಬಿನಲ್ಲಿ ಬೆಳೆಯುವ ಮಗುವಿಗೆ ಕ್ರಿಸ್‌ಮಸ್ ರಾತ್ರಿ ತನ್ನದೇ ಎಂದು ಸಿಗುತ್ತಿದ್ದ ಉಡುಗೊರೆ ಆ ಒಂದು ಬತ್ತಿ.

ಈ ಪಟ್ಟಿಯನ್ನು ಓದಿ ನಕ್ಕವರು ಇನ್ನೊಮ್ಮೆ ಓದಬೇಕು. ಹದಿಮೂರು ಮಂದಿಯಲ್ಲಿ ಒಬ್ಬನೂ ಚಿನ್ನ ಬೆಳ್ಳಿ ಕದಿಯುವುದಿಲ್ಲ. ಹಾಲಿನ ನೊರೆ, ಬಾಣಲೆಯ ಸೀಕಲು, ಸೌಟಿಗೆ ಅಂಟಿದ ಗಂಜಿ, ಗಡಿಗೆಯ ತಳ: ಹಸಿದ ಮನೆಯಲ್ಲಿ ಯಾರು ಯಾವುದರ ಮೇಲೆ ಕಣ್ಣಿಡುವರೋ ಅದರ ಪಟ್ಟಿಯಿದು. ಚಳಿಗಾಲದ ನಡುವಿನಲ್ಲಿ ಉಗ್ರಾಣದಿಂದ ಏನಾದರೂ ಕಡಿಮೆಯಾದರೆ ಮನೆಯೊಡತಿಗೆ ಒಬ್ಬ ಕಳ್ಳನ ಹೆಸರು ಬೇಕಾಗಿತ್ತು. ಕದ್ದವನು ಮಂಚದ ಮೇಲಿನ ಮಗುವೋ ಆಳೋ ಆಗಿದ್ದರೂ, ಬೆಟ್ಟದವರ ಮೇಲೆ ಹೊರಿಸಿದರೆ ಮನೆಯ ಮಾನ ಉಳಿಯುವುದು.

ಹಸಿವೆಂಬುದು ಅಲ್ಲಿ ಬರಿಯ ಕಥೆಯ ಮಾತಾಗಿರಲಿಲ್ಲ. ೧೭೮೩ರ ಜೂನ್ ತಿಂಗಳಿನಲ್ಲಿ ದೇಶದ ದಕ್ಷಿಣಭಾಗದ ಲಾಕಿ ಎಂಬಲ್ಲಿ ನೆಲ ಬಿರಿದು, ನೂರಕ್ಕೂ ಹೆಚ್ಚು ಬಾಯಿಗಳಿಂದ ಎಂಟು ತಿಂಗಳು ಬೆಂಕಿ ಉಕ್ಕಿತು. ವಿಷದ ಗಾಳಿ ಹುಲ್ಲಿನ ಮೇಲೆ ಇಳಿಯಿತು. ಆ ಹುಲ್ಲನ್ನು ಮೇಯ್ದ ಕುರಿಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೂ ಹೆಚ್ಚು ಸತ್ತವು. ಅನಂತರದ ಬರದಲ್ಲಿ ದೇಶದ ಜನರಲ್ಲಿ ಐದರಲ್ಲೊಂದು ಪಾಲು ಅಳಿದುಹೋಯಿತು. ಕುರಿಯೇ ಬಟ್ಟೆ, ಕುರಿಯೇ ಆಹಾರ, ಕುರಿಯೇ ದೀಪವಾಗಿದ್ದ ಮನೆಗಳಲ್ಲಿ ಮುಂದಿನ ಚಳಿಗಾಲ ಹೇಗೆ ಕಳೆದಿದ್ದೀತು! ಅಂಥ ಮನೆಯ ಮಗುವಿಗೆ ಗಡಿಗೆ ನೆಕ್ಕುವವನ ಕಥೆಯಲ್ಲಿ ನಗುವಂಥದು ಏನೂ ಕಂಡಿರಲಾರದು.

ಬಟ್ಟೆಯ ವಿಚಾರಕ್ಕೂ ಒಂದು ಭೂತವಿತ್ತು. ಗ್ರೀಲಾಳ ಮನೆಯಲ್ಲಿ ಸಾಕಿದ ಬೆಕ್ಕು ಅದು; ಮನೆಯೆತ್ತರದ ಕರಿಯ ಬೆಕ್ಕು. ಹಬ್ಬಕ್ಕೆ ಮುನ್ನ ಹೊಸ ಬಟ್ಟೆ ದೊರೆಯದವರನ್ನು ಅದು ತಿಂದುಬಿಡುವುದೆಂದು ಪ್ರತೀತಿ. ಶರತ್ಕಾಲದ ಉಣ್ಣೆಯನ್ನೆಲ್ಲ ಹಿಂಜಿ, ನೂತು, ಹೆಣೆದು ಹಬ್ಬದೊಳಗೆ ಮುಗಿಸಬೇಕು. ದುಡಿದವರಿಗೆ ಒಂದು ಜೊತೆ ಕಾಲುಚೀಲವಾದರೂ ಸಿಗುವುದು. ಸೋಮಾರಿಗೆ ಬೆಕ್ಕಿನ ಬಾಯಿ. ಯಜಮಾನರಿಗೆ ಅನುಕೂಲವಾದ ಬೆಕ್ಕು ಎನ್ನಬೇಕು. ಆದರೆ ಬಡತನದಿಂದ ಹೊಸ ಬಟ್ಟೆ ಕಾಣದ ಮಗುವನ್ನೂ ಆ ಬೆಕ್ಕು ಬಿಡುತ್ತಿರಲಿಲ್ಲವೆಂಬುದನ್ನು ನೆನೆದರೆ, ಈ ಕಥೆಯ ಉಗುರು ಎಷ್ಟು ಹರಿತವೆಂಬುದು ತಿಳಿಯುತ್ತದೆ. ೨೦೧೮ರಿಂದ ಕ್ರಿಸ್‌ಮಸ್ ಕಾಲದಲ್ಲಿ ರೇಕ್ಯಾವಿಕ್ ನಗರದ ನಡುವಿನಲ್ಲಿ ಈ ಬೆಕ್ಕಿನ ಭಾರೀ ಪ್ರತಿಮೆಯನ್ನು ವಿದ್ಯುದ್ದೀಪಗಳಿಂದ ಬೆಳಗಿಸಿ ನಿಲ್ಲಿಸುವರು. ಮಕ್ಕಳು ಅದರ ಕಾಲುಗಳ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಮಕ್ಕಳನ್ನು ಹೀಗೆ ಹೆದರಿಸುವುದು ಸರಿಯೇ ಎಂಬ ಪ್ರಶ್ನೆ ಇಂದಿನ ಮನಶ್ಶಾಸ್ತ್ರಜ್ಞರದೇ ಅಲ್ಲ. ಲಾಕಿಯ ಬೆಂಕಿಗೂ ಮೊದಲೇ ಈ ಮಾತು ರಾಜಸಭೆಯವರೆಗೆ ಹೋಗಿತ್ತು. ಆಗ ಐಸ್‌ಲ್ಯಾಂಡನ್ನು ಆಳುತ್ತಿದ್ದವನು ಡೆನ್ಮಾರ್ಕಿನ ದೊರೆ. ೧೭೪೬ರಲ್ಲಿ ಅವನ ಹೆಸರಿನಲ್ಲಿ ಗೃಹಶಿಸ್ತನ್ನು ಕುರಿತ ಶಾಸನವೊಂದು ಹೊರಟಿತು. ಯೋಲ್ ಹೈದರ ಹೆಸರನ್ನಾಗಲಿ ದೆವ್ವಗಳ ಹೆಸರನ್ನಾಗಲಿ ಹೇಳಿ ಮಕ್ಕಳನ್ನು ಹೆದರಿಸಕೂಡದೆಂದು ಅದರಲ್ಲಿ ಕಟ್ಟಪ್ಪಣೆಯಿತ್ತು. ಗುಮ್ಮನ ಮೇಲೆ ನಿಷೇಧಾಜ್ಞೆ ಹೊರಡಿಸಿದ ಸರಕಾರಗಳು ಲೋಕದಲ್ಲಿ ಹೆಚ್ಚಿರಲಾರವು. ಮಂಚದ ಮೇಲೆ ಕುಳಿತು ಕಥೆ ಹೇಳುವ ಅಜ್ಜಿಯರನ್ನು ಹಿಡಿಯಲು ಯಾವ ಪೋಲೀಸನೂ ಬರಲಿಲ್ಲ. ಕಥೆಗಳು ನಿಲ್ಲಲೂ ಇಲ್ಲ.

ಶಾಸನದಿಂದ ಆಗದ ಕೆಲಸ ಕಾಲಕ್ರಮದಲ್ಲಿ ತಾನಾಗಿ ಆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಊರಿಗೊಂದು ಹೆಸರು, ಊರಿಗೊಂದು ಸಂಖ್ಯೆಯಾಗಿ ಚದರಿದ್ದ ಹೈದರನ್ನು ಜನಪದ ಕಥಾಸಂಗ್ರಾಹಕ ಯೋನ್ ಆರ್ನಸೋನ್ ೧೮೬೨ರಲ್ಲಿ ತನ್ನ ಗ್ರಂಥದಲ್ಲಿ ದಾಖಲಿಸಿದನು. ೧೯೩೨ರಲ್ಲಿ ಯೋಹಾನ್ನೆಸ್ ಊರ್ ಕೋತ್ಲುಮ್ ಎಂಬ ಕವಿ ‘ಯೋಲ್ ಬರುತ್ತಿದೆ’ ಎಂಬರ್ಥದ ಹೆಸರಿನ ಮಕ್ಕಳ ಕವನಸಂಗ್ರಹವನ್ನು ಹೊರತಂದನು. ವೃತ್ತಿಯಿಂದ ಆತ ಉಪಾಧ್ಯಾಯ. ಹದಿಮೂರು ಹೆಸರುಗಳಿಗೂ ಅವರು ಬರುವ ಕ್ರಮಕ್ಕೂ ಆ ಪುಸ್ತಕವೇ ಪ್ರಮಾಣವಾಯಿತು. ಕಳ್ಳರು ಕಳ್ಳರಾಗಿಯೇ ಉಳಿದರು. ಆದರೆ ಅವರ ಹಸಿವು ಈಗ ವಿನೋದದ ವಸ್ತುವಾಯಿತು. ಹೀಗಾಗಬೇಕಾದರೆ ಓದುವ ಮಗುವಿನ ಹೊಟ್ಟೆ ತುಂಬಿರಬೇಕಷ್ಟೆ. ಮೀನುಗಾರಿಕೆಗೆ ಯಂತ್ರದೋಣಿಗಳು ಬಂದು, ಜನ ಹೆಂಟೆಯ ಮನೆಗಳನ್ನು ಬಿಟ್ಟು ಪಟ್ಟಣ ಸೇರುತ್ತಿದ್ದ ಕಾಲವದು. ಅದೇ ಶತಮಾನದ ನಡುವಿನ ಹೊತ್ತಿಗೆ ಯೂರೋಪಿನ ಮುಖ್ಯ ಭೂಮಿಯಿಂದ ಬಂದ ಪಾದರಕ್ಷೆಯ ಪದ್ಧತಿ ಮನೆಮನೆಗೂ ಹರಡಿತು. ಯಾವ ಕಿಟಕಿಯಲ್ಲಿ ಇಣುಕಿ ಹೈದರು ಕದಿಯುತ್ತಿದ್ದರೋ ಅದೇ ಕಿಟಕಿಗೆ ಅವರು ಕೊಡಲು ಬರಲಾರಂಭಿಸಿದರು.

ನಡುವೆ ಕೆಲಕಾಲ ಅವರು ಕೆಂಪು ಅಂಗಿ ತೊಟ್ಟು ಸಾಂಟಾ ಕ್ಲಾಸನ ಸೋದರರಂತೆ ಕಾಣಿಸಿಕೊಂಡುದೂ ಉಂಟು. ಅದು ಅನೇಕರಿಗೆ ಒಗ್ಗಲಿಲ್ಲ. ಈಗ ರೇಕ್ಯಾವಿಕ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹಬ್ಬದ ಮುನ್ನ ದಿನಕ್ಕೊಬ್ಬ ಹೈದ ಬರುವಾಗ ಉಟ್ಟಿರುವುದು ಹಳೆಯ ರೈತನ ಉಣ್ಣೆಯ ಬಟ್ಟೆ, ತೊಗಲಿನ ಮೆಟ್ಟು. ಉತ್ತರದ ಮೀವಾತ್ನ್ ಸರೋವರದ ದಂಡೆಯಲ್ಲಿ ಲಾವಾರಸ ಹೆಪ್ಪುಗಟ್ಟಿ ಕೋಟೆ ಕೊತ್ತಲಗಳಂತೆ ನಿಂತಿರುವ ದಿಮ್ಮುಬೋರ್ಗಿರ್ ಎಂಬ ತಾಣವೇ ಅವರ ನಿವಾಸವೆಂದು ಈಚಿನ ದಶಕಗಳಲ್ಲಿ ಗೊತ್ತುಮಾಡಿದ್ದಾರೆ. ಅಲ್ಲಿಗೆ ಹೋದ ಮಕ್ಕಳು ಕರಿಗಲ್ಲಿನ ಗುಹೆಗಳ ಮುಂದೆ ನಿಂತು ಹೈದರನ್ನು ಕೂಗಿ ಕರೆಯುತ್ತಾರೆ.

ಪಾದರಕ್ಷೆಯ ಪದ್ಧತಿಗೂ ಒಂದು ತೊಡಕುಂಟು. ಒಬ್ಬನ ಪಾದರಕ್ಷೆಯಲ್ಲಿ ಬೆಲೆಬಾಳುವ ಆಟಿಕೆ, ಅವನ ಪಕ್ಕದಲ್ಲಿ ಕೂರುವವಳದರಲ್ಲಿ ಒಂದು ಕಿತ್ತಳೆ. ಶಾಲೆಯಲ್ಲಿ ಮಕ್ಕಳು ತಾಳೆ ನೋಡದೆ ಬಿಡುವರೇ? ತಾನೇನು ತಪ್ಪು ಮಾಡಿದೆನೆಂದು ಕೇಳುವ ಮಗುವಿಗೆ ಉತ್ತರ ಹೇಳುವುದು ಕಷ್ಟ. ಹೈದರು ತರುವುದು ಎಲ್ಲರಿಗೂ ಚಿಕ್ಕದಾಗಿಯೇ ಇರಲಿ, ದೊಡ್ಡ ಉಡುಗೊರೆಗಳನ್ನು ಹಬ್ಬದ ರಾತ್ರಿ ತಂದೆತಾಯಿಗಳ ಹೆಸರಿನಲ್ಲಿಯೇ ಕೊಡಿರೆಂದು ತಿಳಿದವರು ಹೇಳುತ್ತಾರೆ. ಬಡವನ ಮಗುವನ್ನು ಹಿಡಿಯುವ ಕರಿಯ ಬೆಕ್ಕು ಪೂರ್ತಿ ಸತ್ತಿಲ್ಲವೆಂದು ಇದರಿಂದ ತಿಳಿಯುತ್ತದೆ.

ಡಿಸೆಂಬರ್ ೨೪ರ ಸಂಜೆ ಆರು ಗಂಟೆಗೆ ಹಬ್ಬ ಆರಂಭವಾಗುತ್ತದೆ. ಆರು ಎಂದರೆ ಆರೇ. ೧೯೩೦ರಲ್ಲಿ ಆರಂಭವಾದ ದೇಶದ ರೇಡಿಯೋದಲ್ಲಿ ರಾಜಧಾನಿಯ ಇಗರ್ಜಿಯ ಗಂಟೆಗಳು ಮೊಳಗುವವರೆಗೆ ಅಡುಗೆಮನೆಯ ಗದ್ದಲವಿರುತ್ತದೆ. ಮೊಳಗಿದೊಡನೆ ಮನೆಮಂದಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ಶುಭಾಶಯ ಹೇಳುತ್ತಾರೆ. ಊಟವಾದ ಮೇಲೆ ಉಡುಗೊರೆಗಳ ಕಟ್ಟು ಬಿಚ್ಚುವ ಸಂಭ್ರಮ. ಅವುಗಳಲ್ಲಿ ಪುಸ್ತಕಗಳು ಇರಲೇಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶದ ಸಾಮಾನುಗಳಿಗೆ ತಡೆ ಬಿದ್ದಾಗ ಕಾಗದವೊಂದು ದೊರೆಯುತ್ತಿತ್ತು. ಜನ ಪುಸ್ತಕಗಳನ್ನೇ ಕೊಡತೊಡಗಿದರು. ವರ್ಷದ ಹೊಸ ಪುಸ್ತಕಗಳ ಪಟ್ಟಿಯನ್ನು ೧೯೪೪ರಿಂದ ಪ್ರಕಟಿಸುತ್ತ ಬಂದರು. ದೇಶದ ಪುಸ್ತಕಗಳಲ್ಲಿ ಬಹುಪಾಲು ಹೊರಬರುವುದು ಹಬ್ಬಕ್ಕೆ ಮುಂಚಿನ ಈ ಕಾಲದಲ್ಲಿಯೇ. ಆ ರಾತ್ರಿ ಮಕ್ಕಳು ಹೊಸ ಪುಸ್ತಕದೊಡನೆ ಹಾಸಿಗೆ ಸೇರಿ ಬಹಳ ಹೊತ್ತು ಓದಿದರೂ ಯಾರೂ ದೀಪ ಆರಿಸೆನ್ನುವುದಿಲ್ಲ.

ಮರುದಿನದಿಂದ ಹೈದರು ಬಂದ ಕ್ರಮದಲ್ಲಿಯೇ ಒಬ್ಬೊಬ್ಬರಾಗಿ ಬೆಟ್ಟಕ್ಕೆ ಮರಳುತ್ತಾರೆ. ಮಕ್ಕಳು ಹಾಡುವ ಹಾಡೊಂದರ ಪ್ರಕಾರ ಅವರ ತಾಯಿ ಗ್ರೀಲಾ ಎಂದೋ ಸತ್ತುಹೋದಳು. ಆದರೂ ಹಾಡಿ ಮುಗಿಸಿದ ಮಕ್ಕಳಲ್ಲಿ ಚಿಕ್ಕವು, ಅದು ನಿಜವೇ ಎಂದು ಅಜ್ಜಿಯನ್ನು ಕೇಳದೆ ಇರವು. ಜನವರಿ ೬ರ ಇರುಳು ಊರಿನ ಬಯಲುಗಳಲ್ಲಿ ಸೌದೆ ಒಟ್ಟಿ ಬೆಂಕಿ ಹಚ್ಚುತ್ತಾರೆ, ಬಾಣಬಿರುಸುಗಳು ಹಾರುತ್ತವೆ. ಎಲ್ಲರಿಗಿಂತ ಕೊನೆಗೆ ಬಂದಿದ್ದ ಬತ್ತಿಯ ತಿರುಕನು ಅಂದು ಊರು ಬಿಡುತ್ತಾನೆ. ಹಗಲು ಆಗಲೇ ಅರ್ಧ ಗಂಟೆಯಷ್ಟು ಬೆಳೆದಿರುತ್ತದೆ. ಕಿಟಕಿಯ ಕಟ್ಟೆಯ ಮೇಲಿದ್ದ ಪಾದರಕ್ಷೆ ಬಾಗಿಲ ಬಳಿ ತನ್ನ ಜೊತೆಯೊಡನೆ ಕೂಡಿಕೊಂಡಿದೆ. ಬೆಳಗಾದರೆ ಅದನ್ನು ಮೆಟ್ಟಿಕೊಂಡು ಶಾಲೆಗೆ ಹೋಗಬೇಕು.